ಫಿಟ್ಸ್ ಮಾತ್ರೆ ಕೊಡುವಾಗ ಎರಡು ಮಾತು ಹೇಳಿ ಕೊಡಿ

ಸಂಪಾದಕರಿಗೆ ನಮಸ್ಕಾರ.

ಹೋದ ಮಂಗಳವಾರ ಸಂಜೆ ನಮ್ಮ ಮೆಡಿಕಲ್ ಶಾಪಿಗೆ ಅಪ್ಪ ಮಗಳು ಬಂದರು. ಮಗಳಿಗೆ ಹದಿನಾಲ್ಕು ಇರಬಹುದು, ಇನ್ನೂ ಸ್ಕೂಲ್ ಯೂನಿಫಾರ್ಮ್‌ನಲ್ಲೇ ಇದ್ದಳು. ಚೀಟಿಯಲ್ಲಿ ಮೂರು ತಿಂಗಳಿಗೆ ಆಗುವಷ್ಟು ಫಿಟ್ಸ್ ಮಾತ್ರೆ ಬರೆದಿತ್ತು. ಅಪ್ಪ ಕೇಳಿದ್ದು ಹತ್ತೇ ಹತ್ತು. ಯಾಕೆ ಅಂತ ಕೇಳಿದೆ. "ಇದೊಂದ್ ಹತ್ತು ಮುಗಿಸಿ ನಿಲ್ಲಿಸ್ಬುಡ್ತೀವಿ ಕಣಣ್ಣ. ಆರು ತಿಂಗಳಿಂದ ಒಂದ್ ಸಲಾನೂ ಬಂದಿಲ್ಲ. ಕೂದಲು ಉದುರ್ತಾವೆ, ಮೈ ಬೇರೆ ಬಂದ್ಬುಟ್ಟದೆ. ಎಲ್ಲಾರೂ ಬ್ಯಾಡ ಅಂತಾರೆ" ಅಂದರು.

ಈ ಮಾತನ್ನು ನಾನು ತಿಂಗಳಿಗೆ ನಾಲ್ಕೈದು ಸಲ ಕೇಳುತ್ತೇನೆ. ಅಂಗಡಿ ಇಟ್ಟು ಹದಿನೆಂಟು ವರ್ಷ ಆಯಿತು. ಕೇಳಿದಾಗಲೆಲ್ಲ ಎದೆ ಧಸಕ್ ಅನ್ನುತ್ತದೆ. ಯಾಕೆಂದರೆ ಇದೇ ಲೆಕ್ಕಾಚಾರದಲ್ಲಿ ನನ್ನ ತಮ್ಮ ಸಾಯುವುದರಲ್ಲಿದ್ದ.

ತಮ್ಮನಿಗೆ ಮೊದಲ ಸಲ ಫಿಟ್ಸ್ ಬಂದಾಗ ಹದಿನೇಳು. ಡಾಕ್ಟರು ಫೆನಿಟಾಯಿನ್ ಬರೆದರು, ದಿನಕ್ಕೆ 300 ಮಿಲಿಗ್ರಾಂ. ಮಾತ್ರೆ ಚೆನ್ನಾಗಿಯೇ ಕೆಲಸ ಮಾಡಿತು, ಫಿಟ್ಸ್ ಪೂರ್ತಿ ನಿಂತಿತು. ಆದರೆ ಒಂದೆರಡು ವರ್ಷದಲ್ಲಿ ಅವನ ವಸಡು ಊದಿಕೊಳ್ಳುತ್ತಾ ಬಂತು, ಹಲ್ಲಿನ ಅರ್ಧಕ್ಕೆ ಮಾಂಸ ಇಳಿದ ಹಾಗೆ. ಬ್ರಷ್ ಮಾಡಿದರೆ ರಕ್ತ. ನಗುವಾಗ ಟವೆಲ್ ಅಡ್ಡ ಇಟ್ಟುಕೊಳ್ಳುವುದನ್ನು ಕಲಿತ. ಅದು ಮಾತ್ರೆಯಿಂದ ಆಗುತ್ತಿದೆ ಅಂತ ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ಅವನಿಗೇ ಹೇಗೋ ಅನುಮಾನ ಬಂತು, ಹೆಣ್ಣು ನೋಡಲು ಹೋಗುವುದಕ್ಕೆ ಒಂದು ವಾರ ಇದೆ ಅನ್ನುವಾಗ ಯಾರಿಗೂ ಹೇಳದೆ ಮಾತ್ರೆ ನಿಲ್ಲಿಸಿದ. ದಿನಾ ರಾತ್ರಿ ಬಾಯಿಗೆ ಹಾಕಿಕೊಂಡ ಹಾಗೆ ಮಾಡಿ ಹಿತ್ತಲಿಗೆ ಎಸೆಯುತ್ತಿದ್ದನಂತೆ. ನಾಲ್ಕನೇ ದಿನ ಬೆಳಗಿನ ಜಾವ ಶುರುವಾಯಿತು ನೋಡಿ. ಒಂದು ಮುಗಿಯುವ ಮೊದಲೇ ಇನ್ನೊಂದು, ನಡುವೆ ಎಚ್ಚರವೇ ಇಲ್ಲ. ಕಾರು ಹೊಂದಿಸಿ ಮೈಸೂರು ಮುಟ್ಟಿಸುವಷ್ಟರಲ್ಲಿ ಒಂದೂವರೆ ಗಂಟೆ ಆಗಿತ್ತು. ಐದು ದಿನ ಐಸಿಯುನಲ್ಲಿದ್ದ. ಬದುಕಿದ. ಆದರೆ ಆ ವರ್ಷದ ಎಷ್ಟೋ ಸಂಗತಿ ಅವನಿಗೆ ಇವತ್ತಿಗೂ ನೆನಪಿಲ್ಲ.

ನಾನು ಔಷಧ ಶಾಸ್ತ್ರದ ಡಿಪ್ಲೊಮಾಕ್ಕೆ, ಅಂದರೆ ಡಿ.ಫಾರ್ಮಗೆ, ಸೇರಿದ್ದು ಆಮೇಲೆ. ಮೊದಲ ವರ್ಷವೇ ಓದಿದ ಒಂದು ವಿಷಯ ಇನ್ನೂ ಮನಸ್ಸಲ್ಲಿ ಕೂತಿದೆ. ಫೆನಿಟಾಯಿನ್ ಫಿಟ್ಸ್ ತಡೆಯುತ್ತದೆ, ಅದೂ ನಿದ್ದೆಗೆ ಕೆಡವದೆ ತಡೆಯುತ್ತದೆ ಅಂತ ಅಮೆರಿಕದ ಮೆರಿಟ್ ಮತ್ತು ಪಟ್ನಮ್ ಅನ್ನುವ ಇಬ್ಬರು ವೈದ್ಯರು ತೋರಿಸಿಕೊಟ್ಟದ್ದು 1938ರಲ್ಲಿ. ಅದರಿಂದ ವಸಡು ಬೆಳೆಯುತ್ತದೆ ಅಂತ ವೈದ್ಯ ಪತ್ರಿಕೆಯಲ್ಲಿ ಬಂದದ್ದು ಮರುವರ್ಷ, 1939ರಲ್ಲಿ. ಅಷ್ಟು ಹಳೆಯ ವಿಷಯ. ಹಲ್ಲು ಚೊಕ್ಕಟವಾಗಿ ಇಟ್ಟುಕೋ, ವಸಡು ಊದಿದರೆ ಬಂದು ಹೇಳು, ಮಾತ್ರೆ ಬದಲಾಯಿಸಬಹುದು, ಆದರೆ ನೀನಾಗಿ ನಿಲ್ಲಿಸಬೇಡ ಅಂತ ಯಾರಾದರೂ ಒಂದು ಮಾತು ಹೇಳಿದ್ದರೆ ನನ್ನ ತಮ್ಮ ಆ ಐದು ದಿನ ಅಲ್ಲಿ ಮಲಗುತ್ತಿರಲಿಲ್ಲ. ಇಷ್ಟನ್ನು ಹೇಳಲು ಒಂದು ನಿಮಿಷ ಸಾಕು. ಡಾಕ್ಟರೂ ಹೇಳಲಿಲ್ಲ, ಮಾತ್ರೆ ಕೊಟ್ಟ ಅಂಗಡಿಯವರೂ ಹೇಳಲಿಲ್ಲ. ಅದಕ್ಕೇ ಈ ಪತ್ರ.

ಮೊನ್ನೆ ಬಂದ ಆ ಹುಡುಗಿ ಅಪ್ಪನ ಹಿಂದೆ ನಿಂತು ಎಲ್ಲ ಕೇಳಿಸಿಕೊಳ್ಳುತ್ತಿದ್ದಳು. ಆಮೇಲೆ ಮೆಲ್ಲಗೆ ಕೇಳಿದಳು, "ಅಂಕಲ್, ಈ ಮಾತ್ರೆ ತಲೇಲಿ ಏನ್ ಮಾಡುತ್ತೆ?" ಒಂದು ವರ್ಷದಿಂದ ದಿನಕ್ಕೆ ಎರಡು ಸಲ ನುಂಗುತ್ತಿರುವ ಮಗು ಅದು! ಯಾರೂ ಹೇಳಿಲ್ಲ ಅವಳಿಗೆ. ನನಗೆ ತಿಳಿದ ಹಾಗೆ ಹೇಳಿದೆ, ಇಲ್ಲಿಯೂ ಹಾಗೇ ಬರೆಯುತ್ತೇನೆ.

ನಮ್ಮ ಕಡೆ ನಾಲೆಗೆ ತೂಬು ಇರುತ್ತದಲ್ಲ, ಹಾಗೆ ಮಿದುಳಿನ ಒಂದೊಂದು ನರಕೋಶಕ್ಕೂ ಕಣ್ಣಿಗೆ ಕಾಣದಷ್ಟು ಸಣ್ಣ ತೂಬುಗಳಿವೆ. ತೂಬು ತೆರೆದರೆ ಉಪ್ಪಿನ ಅಂಶ, ಅಂದರೆ ಸೋಡಿಯಂ, ಒಳಗೆ ನುಗ್ಗುತ್ತದೆ. ಒಂದು ಕಿಡಿಯಷ್ಟು ಕರೆಂಟ್ ಹರಿಯುತ್ತದೆ. ನಾವು ಯೋಚಿಸುವುದು, ಕೈ ಎತ್ತುವುದು, ಮಾತಾಡುವುದು ಎಲ್ಲ ಅದರಿಂದಲೇ. ಕಿಡಿ ಹರಿದ ಮೇಲೆ ತೂಬು ಮುಚ್ಚಿಕೊಂಡು ಒಂದು ಗಳಿಗೆ ಸುಧಾರಿಸಿಕೊಳ್ಳುತ್ತದೆ, ಮತ್ತೆ ತೆರೆಯುತ್ತದೆ. ಫಿಟ್ಸ್ ಬಂದಾಗ ಆಗುವುದು ಏನೆಂದರೆ, ಲೆಕ್ಕವಿಲ್ಲದಷ್ಟು ಕೋಶಗಳು ಒಟ್ಟೊಟ್ಟಿಗೆ, ಬಿಡುವೇ ಕೊಡದೆ ಕಿಡಿ ಹಾರಿಸಲು ಶುರು ಮಾಡುತ್ತವೆ. ಫೆನಿಟಾಯಿನ್, ಕಾರ್ಬಮಜೆಪಿನ್, ಲಾಮೋಟ್ರಿಜಿನ್ ಇವೆಲ್ಲ ಆ ಸುಧಾರಿಸಿಕೊಳ್ಳುವ ಹೊತ್ತನ್ನು ಸ್ವಲ್ಪ ಉದ್ದ ಮಾಡುತ್ತವೆ. ನಿಧಾನಕ್ಕೆ ನಡೆಯುವ ದಿನದ ಕೆಲಸಕ್ಕೆ ಅಡ್ಡಿ ಇಲ್ಲ. ಹುಚ್ಚೆದ್ದು ಓಡುವ ಕಿಡಿಗೆ ಮಾತ್ರ ಬಾಗಿಲು ಸಿಗುವುದಿಲ್ಲ.

ಇನ್ನೊಂದು ದಾರಿಯೂ ಇದೆ. ಮಿದುಳಿನಲ್ಲಿ ಗ್ಯಾಬಾ ಅನ್ನುವ ಒಂದು ರಸಾಯನ ಇದೆ, ಅದರ ಕೆಲಸವೇ ಕೋಶಗಳನ್ನು ಸುಮ್ಮನಿರಿಸುವುದು. ಗಾರ್ಡಿನಾಲ್ ಅಂತ ಹಳಬರಿಗೆ ಗೊತ್ತಿರುವ ಫಿನೋಬಾರ್ಬಿಟೋನ್, ಹಾಗೇ ಕ್ಲೋಬಜಾಮ್, ಇವೆರಡೂ ಆ ಗ್ಯಾಬಾದ ಕೈ ಬಲಪಡಿಸುತ್ತವೆ. ಅದಕ್ಕೇ ಇವನ್ನು ತಗೊಂಡರೆ ತೂಕಡಿಕೆ ಜಾಸ್ತಿ. ಈಗ ಎಲ್ಲರಿಗೂ ಬರೆಯುತ್ತಿರುವ ಲೆವೆಟಿರಾಸೆಟಮ್ ದಾರಿಯೇ ಬೇರೆ. ಅದು ನರದ ತುದಿಯಲ್ಲಿ ಸಂದೇಶದ ರಸಾಯನ ತುಂಬಿಕೊಂಡ ಸಣ್ಣ ಚೀಲಗಳಿಗೆ ಅಂಟಿಕೊಂಡು ಸುರಿತವನ್ನು ಹದಕ್ಕೆ ತರುತ್ತದೆ. ಹುಡುಗಿಯ ಚೀಟಿಯಲ್ಲಿದ್ದ ವಾಲ್ಪ್ರೊಯೇಟ್ ತೂಬನ್ನೂ ಹಿಡಿಯುತ್ತದೆ, ಗ್ಯಾಬಾವನ್ನೂ ಹೆಚ್ಚಿಸುತ್ತದೆ.

ಇಷ್ಟು ಹೇಳಿದ ಮೇಲೆ ಅವಳೇ ಕೇಳಿದಳು, "ಮತ್ತೆ ಕೂದಲು ಯಾಕೆ ಉದುರುತ್ತೆ?" ಸರಿಯಾದ ಪ್ರಶ್ನೆ ಅಲ್ವಾ. ಮಾತ್ರೆಗೆ ವಿಳಾಸ ಗೊತ್ತಿರುವುದಿಲ್ಲ. ಫಿಟ್ಸ್ ಹುಟ್ಟುವ ಜಾಗಕ್ಕೆ ಮಾತ್ರ ಹೋಗಿ ಕೂತ್ಕೋ ಅಂದರೆ ಕೇಳುವುದಿಲ್ಲ. ರಕ್ತಕ್ಕೆ ಸೇರಿ ಇಡೀ ಮಿದುಳಿಗೆ, ಲಿವರ್‌ಗೆ, ವಸಡಿಗೆ, ಕೂದಲಿನ ಬುಡಕ್ಕೆ, ಮೂಳೆಗೆ ಎಲ್ಲ ಕಡೆ ಹೋಗುತ್ತದೆ. ವಾಲ್ಪ್ರೊಯೇಟ್‌ನಿಂದ ತೂಕ ಏರುವುದು, ಕೂದಲು ಉದುರುವುದು, ಕೈ ನಡುಗುವುದು, ಹೆಣ್ಣುಮಕ್ಕಳಿಗೆ ಮುಟ್ಟು ಏರುಪೇರಾಗುವುದು ಉಂಟು. ಇದಕ್ಕೆ ಪರಿಹಾರ ಮಾತ್ರೆ ನಿಲ್ಲಿಸುವುದಲ್ಲ. ಡಾಕ್ಟರ ಹತ್ತಿರ ಹೋಗಿ ಬಾಯಿ ಬಿಟ್ಟು ಹೇಳುವುದು.

ವಾಲ್ಪ್ರೊಯೇಟ್ ವಿಷಯದಲ್ಲಿ ಇನ್ನೊಂದು ಮಾತನ್ನು ಬಿಡಿಸಿ ಹೇಳಲೇಬೇಕು. ಹುಡುಗಿಯ ಎದುರು ಹೇಳಲಿಲ್ಲ, ಅಪ್ಪನನ್ನು ಪಕ್ಕಕ್ಕೆ ಕರೆದು ಹೇಳಿದೆ. ಬಸುರಿಯಾಗಿದ್ದಾಗ ಈ ಮಾತ್ರೆ ತಗೊಂಡರೆ ಹುಟ್ಟುವ ನೂರು ಮಕ್ಕಳಲ್ಲಿ ಹತ್ತಿರ ಹತ್ತಿರ 10 ಮಕ್ಕಳಿಗೆ ಬೆನ್ನುಹುರಿ, ಹೃದಯ, ತುಟಿ ಹೀಗೆ ಯಾವುದಾದರೂ ಹುಟ್ಟು ತೊಂದರೆ ಇರುತ್ತದೆ. ಮಾತ್ರೆ ತಗೊಳ್ಳದ ತಾಯಂದಿರಲ್ಲಿ ಅದು ನೂರಕ್ಕೆ 2-3. ನೂರರಲ್ಲಿ 30ರಿಂದ 40 ಮಕ್ಕಳಿಗೆ ಮಾತು, ಕಲಿಕೆ, ಬೆಳವಣಿಗೆಯಲ್ಲಿ ಹಿನ್ನಡೆ ಕಾಣಬಹುದು. ಅದಕ್ಕೇ ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲಿ, ಮುಂದೆ ಮಕ್ಕಳಾಗುವ ವಯಸ್ಸಿನ ಹೆಣ್ಣುಮಕ್ಕಳಿಗೆ ಇದನ್ನು ಬರೆಯಬಾರದು ಅಂತ ಹೇಳಿತು. ಲಾಮೋಟ್ರಿಜಿನ್, ಲೆವೆಟಿರಾಸೆಟಮ್ ಇದಕ್ಕಿಂತ ಎಷ್ಟೋ ವಾಸಿ. ಆದರೆ ಕೆಲವರ ಫಿಟ್ಸ್ ವಾಲ್ಪ್ರೊಯೇಟ್‌ಗೆ ಮಾತ್ರ ಬಗ್ಗುತ್ತದೆ, ಹಾಗಾಗಿ ಬದಲಾಯಿಸಬೇಕೋ ಬೇಡವೋ ಅನ್ನುವುದು ನರರೋಗ ತಜ್ಞರ ತೀರ್ಮಾನ. ನನ್ನದೂ ಅಲ್ಲ, ನಿಮ್ಮ ಓರಗಿತ್ತಿಯದೂ ಅಲ್ಲ. ಇದನ್ನು ಓದಿ ಯಾವ ಬಸುರಿಯೂ ಇವತ್ತು ರಾತ್ರಿ ಮಾತ್ರೆ ಬಿಡಬಾರದು, ದಮ್ಮಯ್ಯ. ಜೋರಾಗಿ ಫಿಟ್ಸ್ ಬಂದರೆ ತಾಯಿ ಮಗು ಇಬ್ಬರಿಗೂ ಕುತ್ತು. ಮಾತ್ರೆ ಬದಲಾಯಿಸುವ ಮಾತು, ಫೋಲಿಕ್ ಆಸಿಡ್ ಶುರು ಮಾಡುವ ಮಾತು, ಎಲ್ಲ ಬಸುರಿಗೆ ಮುಂಚೆಯೇ ಆಗಬೇಕು.

ಆದರೆ ನಮ್ಮಲ್ಲಿ ಆಗುವುದೇನು? ಮದುವೆ ಹೊತ್ತಿಗೆ ಕಾಯಿಲೆಯನ್ನೇ ಮುಚ್ಚಿಡುತ್ತಾರೆ. ಗಂಡನ ಮನೆಗೆ ಹೋದ ಹುಡುಗಿ ಕದ್ದು ಮಾತ್ರೆ ನುಂಗಬೇಕು, ಇಲ್ಲ ಬಿಡಬೇಕು. ನನಗೆ ಗೊತ್ತಿರುವ ಒಬ್ಬಳು ತಾಯಿ ಮನೆಗೆ ಬಂದಾಗಲೆಲ್ಲ ಸ್ಟ್ರಿಪ್‌ನಿಂದ ಬಿಡಿಸಿ, ಕಾಲ್ಸಿಯಂ ಮಾತ್ರೆಯ ಖಾಲಿ ಡಬ್ಬಿಗೆ ತುಂಬಿಸಿಕೊಂಡು ಹೋಗುತ್ತಿದ್ದಳು. ಮೂರ್ಛೆ ರೋಗ ಇದೆ ಅನ್ನುವ ಕಾರಣಕ್ಕೆ ಮದುವೆ ರದ್ದು ಮಾಡಬಹುದು ಅನ್ನುವ ಕಲಮನ್ನು ಹಿಂದೂ ವಿವಾಹ ಕಾಯ್ದೆಯಿಂದ 1999ರಲ್ಲೇ ತೆಗೆದಿದ್ದಾರೆ. ಕಾನೂನು ಬದಲಾಗಿ ಇಷ್ಟು ವರ್ಷ ಆದರೂ ಮನೆಗಳಲ್ಲಿ ಆ ಹೆದರಿಕೆ ಹೋಗಿಲ್ಲ.

ಇನ್ನು ಒಬ್ಬ ಯಜಮಾನರ ಕಥೆ. ರೇಷ್ಮೆ ಬೆಳೆಗಾರರು, ಹೆಂಡ ಮುಟ್ಟಿದವರಲ್ಲ. ಒಂದು ದಿನ ಅಂಗಡಿ ಮೆಟ್ಟಿಲು ಹತ್ತುವಾಗ ಕಂಬ ಹಿಡಿದುಕೊಂಡರು, ಕಾಲು ಅಗಲಿಸಿ ಅಗಲಿಸಿ ಇಡುತ್ತಿದ್ದರು, ಮಾತು ತೊದಲುತ್ತಿತ್ತು. ಒಂದಿದ್ದದ್ದು ಎರಡಾಗಿ ಕಾಣುತ್ತದೆ ಅಂದರು. ಊರಲ್ಲಿ ಆಗಲೇ ಕುಡಿತ ಕಲಿತರು ಅಂತ ಮಾತು ಹಬ್ಬಿತ್ತು, ಸೊಸೆ ಕೂಡ ಹಾಗೇ ತಿಳಿದಿದ್ದಳು. ಚೀಟಿ ನೋಡಿದೆ. ಫೆನಿಟಾಯಿನ್ 300 ಇದ್ದದ್ದು ಮೂರು ವಾರದ ಹಿಂದೆ 400 ಆಗಿತ್ತು. ಈ ಮಾತ್ರೆಯ ಲೆಕ್ಕ ಬೇರೆ. ಹಿಟ್ಟಿನ ಗಿರಣಿಗೆ ಇಷ್ಟೇ ರಾಗಿ ಅಂತ ಇರುತ್ತದಲ್ಲ, ಅದಕ್ಕಿಂತ ಜಾಸ್ತಿ ಸುರಿದರೆ ಅಲ್ಲೇ ರಾಶಿ ಬೀಳುತ್ತದೆ. ಲಿವರ್ ಕೂಡ ಫೆನಿಟಾಯಿನ್ನನ್ನು ಒಂದು ಮಿತಿಯವರೆಗೆ ಕರಗಿಸುತ್ತದೆ, ಆಮೇಲೆ ಒಂದೇ ಒಂದು ಮಾತ್ರೆ ಹೆಚ್ಚಿಸಿದರೂ ರಕ್ತದಲ್ಲಿ ಅದರ ಮಟ್ಟ ಒಂದಕ್ಕೆರಡು ಆಗಬಹುದು. ಮೈಯ ಸಮತೋಲ ನೋಡಿಕೊಳ್ಳುವ ಹಿಂಬದಿಯ ಮಿದುಳಿಗೆ ಅದು ಮೊದಲು ತಟ್ಟುತ್ತದೆ. ರಕ್ತ ಪರೀಕ್ಷೆ ಮಾಡಿಸಿ, ಡಾಕ್ಟರು ಡೋಸ್ ಇಳಿಸಿದರು. ಹತ್ತು ಹನ್ನೆರಡು ದಿನದಲ್ಲಿ ನೆಟ್ಟಗೆ ನಡೆದುಕೊಂಡು ಬಂದು ಅಂಗಡಿ ಮುಂದೆ ನಿಂತರು. ಡೋಸ್ ಹೆಚ್ಚಿಸಿದ ದಿನವೇ "ತೂರಾಡಿದರೆ ಬನ್ನಿ" ಅಂದಿದ್ದರೆ ಆ ಮೂರು ವಾರದ ಅವಮಾನ ಇರುತ್ತಿರಲಿಲ್ಲ.

ಲೆವೆಟಿರಾಸೆಟಮ್ ಬಗ್ಗೆಯೂ ಹೇಳಬೇಕು. ಬೇರೆ ಔಷಧಿ ಜೊತೆ ಅಷ್ಟಾಗಿ ಕಿತ್ತಾಡುವುದಿಲ್ಲ, ವಸಡು ಊದುವುದಿಲ್ಲ. ಒಳ್ಳೆ ಮಾತ್ರೆಯೇ. ಆದರೆ ಕೆಲವರಿಗೆ ಸಿಟ್ಟು ಮೂಗಿನ ತುದಿಗೆ ಬರುತ್ತದೆ, ಕೆಲವರು ಮಂಕಾಗುತ್ತಾರೆ, ಸಾಯುವ ಯೋಚನೆ ಬರುವವರೂ ಇದ್ದಾರೆ. ಮನೆಯವರು ಗುಣವೇ ಕೆಟ್ಟಿದೆ ಅಂತ ತಿಳಿಯುತ್ತಾರೆ. ಮಾತ್ರೆ ಶುರು ಮಾಡಿದ ಮೇಲೆ ಸ್ವಭಾವ ಬದಲಾಗಿದ್ದರೆ ಬೈಯಬೇಡಿ, ಡಾಕ್ಟರಿಗೆ ಹೇಳಿ.

ಎಲ್ಲಕ್ಕಿಂತ ಭಯ ಇರುವುದು ಮೈ ಮೇಲೆ ಏಳುವ ಗುಳ್ಳೆಗೆ. ಕಾರ್ಬಮಜೆಪಿನ್, ಫೆನಿಟಾಯಿನ್, ಲಾಮೋಟ್ರಿಜಿನ್ ಹೊಸದಾಗಿ ಶುರು ಮಾಡಿದ ಮೊದಲ ಎರಡು ತಿಂಗಳು ಕಣ್ಣಿಟ್ಟಿರಬೇಕು. ಜ್ವರ ಬಂತು, ಚರ್ಮ ಕೆಂಪಾಗಿ ಗುಳ್ಳೆ ಎದ್ದಿತು, ಬಾಯೊಳಗೆ ಹುಣ್ಣಾಯಿತು, ಕಣ್ಣು ಉರಿ ಅಂದರೆ ಅದೇ ದಿನ, ಅದೇ ಗಂಟೆ ಆಸ್ಪತ್ರೆಗೆ ಹೋಗಬೇಕು. ಅಮ್ಮ ಎದ್ದಿರಬೇಕು, ಬೇವಿನ ಸೊಪ್ಪು ಹಾಕೋಣ ಅಂತ ಕೂರಬಾರದು. ಇದು ಅಪರೂಪ, ಆದರೆ ಬಂದರೆ ಚರ್ಮ ಸುಟ್ಟ ಗಾಯದ ಹಾಗೆ ಸುಲಿಯುತ್ತದೆ, ಜೀವಕ್ಕೇ ಅಪಾಯ. ಹೋಗುವಾಗ ಮಾತ್ರೆಯ ಸ್ಟ್ರಿಪ್ ಜೊತೆಗೆ ಒಯ್ಯಿರಿ.

ಪಕ್ಕದ ಮನೆಯವರಿಗೆ ಗುಣವಾದ ಮಾತ್ರೆಯನ್ನೇ ಕೊಡಿ ಅಂತ ಕೇಳುವವರೂ ಬರುತ್ತಾರೆ. ಕೊಡಲಾಗುವುದಿಲ್ಲ. ಫಿಟ್ಸ್‌ನಲ್ಲಿ ಬಗೆಗಳಿವೆ. ಬೆಳಿಗ್ಗೆ ಎದ್ದ ತಕ್ಷಣ ಕೈ ಜುಂ ಅಂತ ಹಾರಿ ಕಾಫಿ ಲೋಟ ಬೀಳಿಸುವ ಬಗೆ ಇದೆ ನೋಡಿ, ಅದಕ್ಕೆ ಕಾರ್ಬಮಜೆಪಿನ್ ಕೊಟ್ಟರೆ ಇನ್ನಷ್ಟು ಜಾಸ್ತಿಯಾಗಬಹುದು. ನಮ್ಮ ಮೈಸೂರು ಸೀಮೆಯಲ್ಲಿ ಇನ್ನೊಂದಿದೆ. ತಲೆಗೆ ಬಿಸಿಬಿಸಿ ನೀರು ತಂಬಿಗೆಯ ಮೇಲೆ ತಂಬಿಗೆ ಸುರಿದುಕೊಳ್ಳುವಾಗ ಬರುವ ಫಿಟ್ಸ್. ನಿಮ್ಹಾನ್ಸ್‌ನ ಡಾ. ಪಿ. ಸತೀಶ್ಚಂದ್ರ ಮತ್ತು ಅವರ ಜೊತೆಯವರು ಇದರ ಬಗ್ಗೆ ವರ್ಷಗಟ್ಟಲೆ ಕೆಲಸ ಮಾಡಿದರು. ನೀರು ಉಗುರುಬೆಚ್ಚಗೆ ಮಾಡಿಕೊಂಡರೆ ಎಷ್ಟೋ ಜನಕ್ಕೆ ಬರುವುದೇ ಇಲ್ಲ. ಕೆಲವರಿಗೆ ತಲೆಸ್ನಾನದ ದಿನ ಮಾತ್ರ, ಸ್ನಾನಕ್ಕೆ ಮೊದಲು ಕ್ಲೋಬಜಾಮ್ ತಗೊಂಡರೆ ಸಾಕಾಗುತ್ತದೆ. ದಿನಾ ಮಾತ್ರೆ ಬೇಕಾಗದ ಇಂಥ ಜನ ಇರುವುದೂ ಡಾಕ್ಟರು ಕೂರಿಸಿ ಕೇಳಿದಾಗ ಮಾತ್ರ ಗೊತ್ತಾಗುವುದು.

ಹಳ್ಳಿಯವರಿಗೆ ಇಷ್ಟೆಲ್ಲ ಹೇಳಿದರೆ ಅರ್ಥವಾಗುತ್ತದೆಯೇ ಅನ್ನುವವರಿಗೆ ನಮ್ಮ ಜಿಲ್ಲೆಯ ಯಳಂದೂರನ್ನು ನೆನಪಿಸುತ್ತೇನೆ. 1990ರ ದಶಕದಲ್ಲಿ ನರರೋಗ ತಜ್ಞ ಡಾ. ಕೆ.ಎಸ್. ಮಣಿ ಮತ್ತು ಅವರ ತಂಡ ಅಲ್ಲಿಯ ಹಳ್ಳಿಗಳಲ್ಲಿ ಮೂರ್ಛೆ ರೋಗಿಗಳನ್ನು ಹುಡುಕಿ, ಫಿನೋಬಾರ್ಬಿಟೋನ್ ಮತ್ತು ಫೆನಿಟಾಯಿನ್ ಅನ್ನುವ ಈ ಕಡಿಮೆ ಬೆಲೆಯ ಮಾತ್ರೆಗಳನ್ನೇ ಕೊಟ್ಟು, ಊರಲ್ಲೇ ಚಿಕಿತ್ಸೆ ನಡೆಸಬಹುದು ಅಂತ ತೋರಿಸಿದರು. ಸರಿಯಾದ ಮಾತ್ರೆ ಸರಿಯಾಗಿ ತಗೊಂಡರೆ ನೂರರಲ್ಲಿ 70 ಜನರವರೆಗೆ ಫಿಟ್ಸ್ ಇಲ್ಲದೆ ಬಾಳಬಹುದು ಅಂತ ವಿಶ್ವ ಆರೋಗ್ಯ ಸಂಸ್ಥೆಯೇ ಹೇಳುತ್ತದೆ. ಮಾತ್ರೆ ದುಬಾರಿಯಲ್ಲ. ಜನೌಷಧಿ ಅಂಗಡಿಯಲ್ಲಿ ಇನ್ನೂ ಕಡಿಮೆಗೆ ಸಿಗುತ್ತದೆ. ಕಂಪನಿ ಬದಲಾದರೆ ಡಾಕ್ಟರಿಗೆ ಒಂದು ಮಾತು ತಿಳಿಸಿ ಅಷ್ಟೆ, ಫೆನಿಟಾಯಿನ್ ತಗೊಳ್ಳುವವರಂತೂ ಖಂಡಿತ ತಿಳಿಸಿ.

ಮಾತ್ರೆ ಜೀವನಪೂರ್ತಿಯೇ ಅಂತ ಕೇಳುತ್ತಾರೆ. ಎಲ್ಲರಿಗೂ ಅಲ್ಲ. ಎರಡು ಮೂರು ವರ್ಷ ಒಂದೂ ಫಿಟ್ಸ್ ಇಲ್ಲದಿದ್ದರೆ, ಇಇಜಿ (ಮಿದುಳಿನ ಕರೆಂಟ್ ಅಳೆಯುವ ಪರೀಕ್ಷೆ), ಸ್ಕ್ಯಾನ್ ಎಲ್ಲ ನೋಡಿ, ಡಾಕ್ಟರು ತಿಂಗಳುಗಟ್ಟಲೆ ತಗೊಂಡು ಸ್ವಲ್ಪ ಸ್ವಲ್ಪವೇ ಇಳಿಸುತ್ತಾರೆ. ಆರು ತಿಂಗಳಿಗೆ ನಾವೇ ಕತ್ತರಿಸುವುದಲ್ಲ. ಮಾತ್ರೆ ತಗೊಳ್ಳುವವರು ನಿದ್ದೆಯನ್ನೂ ಕಾಯಬೇಕು. ಪ್ರತಿ ವರ್ಷ ಶಿವರಾತ್ರಿ ಜಾಗರಣೆ ಮರುದಿನ, ಮಾದಪ್ಪನ ಬೆಟ್ಟದ ಜಾತ್ರೆ ಮುಗಿಸಿ ಬಂದ ದಿನ, ಫಿಟ್ಸ್ ಮರುಕಳಿಸಿತು ಅಂತ ಚೀಟಿ ಹಿಡಿದು ಬರುವವರು ಇದ್ದೇ ಇರುತ್ತಾರೆ. ಉಪವಾಸ ಅಂತ ಮಾತ್ರೆಯನ್ನೂ ಬಿಟ್ಟಿರುತ್ತಾರೆ. ಎರಡು ಗುಟುಕು ನೀರಲ್ಲಿ ಮಾತ್ರೆ ನುಂಗಿದರೆ ಮಾದಪ್ಪ ಮುನಿಯುವುದಿಲ್ಲ.

ಸಂಪಾದಕರೇ, ನನ್ನ ಕೋರಿಕೆ ಇಷ್ಟೇ. ಫಿಟ್ಸ್ ಮಾತ್ರೆ ಬರೆಯುವ ಪ್ರತಿ ಆಸ್ಪತ್ರೆಯಲ್ಲಿ ಮಾತ್ರೆಗೆ ಒಂದರಂತೆ ಕನ್ನಡದ ಚೀಟಿ ಇರಲಿ, ದೊಡ್ಡ ಅಕ್ಷರದಲ್ಲಿ. ಡಬ್ಬಿಯೊಳಗೆ ಈಗ ಮಡಚಿಟ್ಟಿರುವ ಇಂಗ್ಲಿಷ್ ಕಾಗದವನ್ನು ನಾನೇ ಕನ್ನಡಕ ಹಾಕಿಕೊಂಡು ಓದಬೇಕು, ಅದೂ ಸ್ಟ್ರಿಪ್ ಲೆಕ್ಕದಲ್ಲಿ ತಗೊಂಡು ಹೋಗುವವರ ಕೈಗೆ ಸೇರುವುದೇ ಇಲ್ಲ. ಆರೋಗ್ಯ ಇಲಾಖೆ ಮನಸ್ಸು ಮಾಡಿದರೆ ಇದು ದೊಡ್ಡ ಖರ್ಚಲ್ಲ. ನವೆಂಬರ್ 17 ರಾಷ್ಟ್ರೀಯ ಮೂರ್ಛೆ ರೋಗ ದಿನ. ಆ ದಿನ ಕಬ್ಬಿಣ, ಬೀಗದ ಕೈ ಕೊಡಬೇಡಿ ಅಂತ ಪತ್ರಿಕೆಗಳು ಬರೆಯುತ್ತವೆ, ಅದೂ ಬೇಕು. ಜೊತೆಗೆ ನಾಲ್ಕೈದು ಮಾತ್ರೆಗಳ ಹೆಸರು, ಯಾವುದರಿಂದ ಏನಾಗಬಹುದು, ಯಾವುದಕ್ಕೆ ಓಡಬೇಕು ಅಂತಲೂ ಒಂದು ಚೌಕಟ್ಟಿನಲ್ಲಿ ಹಾಕಿ. ಜನ ಕತ್ತರಿಸಿ ಇಟ್ಟುಕೊಳ್ಳುತ್ತಾರೆ. ಅಂಗಡಿಯವರಿಗೂ ಕೇಳಿಕೊಳ್ಳುತ್ತೇನೆ, ಗಿರಾಕಿ ಎಷ್ಟೇ ಇರಲಿ, ಈ ಮಾತ್ರೆ ಕೊಡುವಾಗ ಅರ್ಧ ನಿಮಿಷ ನಿಂತು ಮಾತಾಡಿ.

ಅವತ್ತು ಆ ಅಪ್ಪ ಹತ್ತು ಮಾತ್ರೆ ಬೇಡ, ಒಂದು ತಿಂಗಳದ್ದು ಕೊಡಿ ಅಂದರು. ಮುಂದಿನ ವಾರ ಮೈಸೂರಿಗೆ ಹೋಗಿ ಡಾಕ್ಟರನ್ನು ಕಾಣುತ್ತಾರಂತೆ. ಮಾತ್ರೆಯ ಕವರಿನ ಮೇಲೆ ಕೇಳಬೇಕಾದ್ದನ್ನು ಬರೆದುಕೊಟ್ಟೆ: ಕೂದಲು, ತೂಕ, ಮುಟ್ಟು, ಹೆಣ್ಣುಮಗು ಆದ್ದರಿಂದ ಬೇರೆ ಮಾತ್ರೆ ಆಗುತ್ತದೆಯೇ. ಹುಡುಗಿ ಕವರ್ ಇಸಿದುಕೊಂಡು, ನನ್ನ ಪೆನ್ನನ್ನೇ ಕೇಳಿ, ಕೆಳಗೆ ತಾನೂ ಒಂದು ಸಾಲು ಸೇರಿಸಿದಳು. "ಸ್ಕೂಲಲ್ಲಿ ಕಬಡ್ಡಿ ಆಡಬಹುದಾ?"

ಇಂತಿ,
ಮೆಡಿಕಲ್ ಶಾಪ್ ನಡೆಸುವ ನಿಮ್ಮ ಓದುಗ
ಚಾಮರಾಜನಗರ ಜಿಲ್ಲೆ